ಇನಿಷಿಯಲ್ಲಿಗೆ ಗಂಡು–ಹೆಣ್ಣೆಂಬುದಿಲ್ಲ

ಹಾಸನದ ಕಡೆ ಹೆಸರಿಗಿಂತ ಮೊದಲು ಇನಿಷಿಯಲ್ ಕೇಳುತ್ತಾರೆ. ಹೊಳೆನರಸೀಪುರದ ಎಚ್.ಡಿ. ದೇವೇಗೌಡರ ‘ಎಚ್’ ಹರದನಹಳ್ಳಿ, ‘ಡಿ’ ತಂದೆ ದೊಡ್ಡೇಗೌಡರು. ಅ.ನ.ಕೃ. ಅವರ ‘ಅ’ ಅರಕಲಗೂಡು. ಮಗನಾಗಲಿ ಮಗಳಾಗಲಿ, ಊರೂ ಅಪ್ಪನೂ ಹೆಸರಿನ ಮುಂದೆ ಒಂದೇ ಥರ ನಿಲ್ಲುತ್ತಾರೆ.

ರಷ್ಯಾದಲ್ಲಿ ಹಾಗಲ್ಲ. ಅಣ್ಣ ಇವಾನೋವ್ ಆದರೆ ತಂಗಿ ಇವಾನೋವಾ. ಅಪ್ಪನ ಹೆಸರು ಕೂಡ ಮಗನಿಗೆ ಇವಾನೊವಿಚ್, ಮಗಳಿಗೆ ಇವಾನೊವ್ನಾ. ಗಂಡಾಗಿ ಹುಟ್ಟಿ ಹೆಣ್ಣಾದವರು ಅಲ್ಲಿ ಮೂರು ಕಡೆ ತಿದ್ದಿಸಿಕೊಳ್ಳಬೇಕಿತ್ತು. 2023ರಲ್ಲಿ ದಾಖಲೆಯ ಲಿಂಗ ಬದಲಾವಣೆಯನ್ನೇ ಅಲ್ಲಿನ ಸರ್ಕಾರ ನಿಷೇಧಿಸಿತು. ಜೆಕ್ ದೇಶ ಮಾತ್ರ 2022ರಿಂದ ಹೆಂಗಸರಿಗೆ ‘ಒವಾ’ ಬಾಲ ಬೇಡವೆನ್ನುವ ಸ್ವಾತಂತ್ರ್ಯ ಕೊಟ್ಟಿದೆ.

ನಮ್ಮಲ್ಲಿ ಆ ಬಾಲ ಇರುವುದು ಸ್ವಂತ ಹೆಸರಿಗೇ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳಲ್ಲಿ ಹೊಯ್ಸಳ ದಂಡನಾಯಕ ಗಂಗರಾಜನ ತಾಯಿ ಪೋಚಿಕಬ್ಬೆ. ಅಂದಿನ ‘ಅಬ್ಬೆ’ಯೇ ಇಂದಿನ ‘ಅಮ್ಮ’. ನಂಜಪ್ಪ ನಂಜಮ್ಮನಾಗಲು ಒಂದೇ ಒತ್ತಕ್ಷರ ಸಾಕು. ಗಂಡಾಗಿ ಹುಟ್ಟಿ ಹೆಣ್ಣಾದ ಬಳ್ಳಾರಿ ಸೀಮೆಯ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ತಮ್ಮ ಹಳೆಯ ಹೆಸರು ಮಂಜುನಾಥ ಶೆಟ್ಟಿ ಎಂದು ತಾವೇ ಹೇಳಿಕೊಂಡಿದ್ದಾರೆ. ‘ಮಂಜು’ ಉಳಿಯಿತು, ‘ನಾಥ’ ಹೋಗಿ ‘ಅಮ್ಮ’ ಬಂತು. 2019ರಲ್ಲಿ ಜಾನಪದ ಅಕಾಡೆಮಿ ಅಧ್ಯಕ್ಷತೆ, 2021ರಲ್ಲಿ ಪದ್ಮಶ್ರೀ, ಎರಡೂ ಬಂದದ್ದು ಈ ‘ಅಮ್ಮ’ನ ಹೆಸರಿಗೆ.

‘ಗೌಡ’ದ್ದು ಬೇರೆಯೇ ಕಥೆ. ಆಡುಮಾತಿಗೆ ಗೌಡ್ತಿ ಇದ್ದಾಳೆ, ಅಂಕಪಟ್ಟಿಗೆ ಬರುವಾಗ ಹುಡುಗಿಯದೂ ‘ಗೌಡ’ವೇ. ಜೆಕ್ ಹೆಂಗಸರು ಕಾನೂನು ಮಾಡಿಸಿ ಪಡೆದದ್ದನ್ನು ನಮ್ಮ ಹುಡುಗಿಯರು ಯಾರನ್ನೂ ಕೇಳದೆ ಮಾಡಿಕೊಂಡಿದ್ದಾರೆ!

2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ಗುರುತಿನ ಪ್ರಮಾಣಪತ್ರ ಕೊಡುವ ಕೆಲಸವನ್ನು ಜಿಲ್ಲಾಧಿಕಾರಿಗೆ ವಹಿಸಿತು. ಅರಕಲಗೂಡಿನವರ ಅರ್ಜಿಯೂ ಹಾಸನಕ್ಕೇ. ಆ ಪತ್ರವಿದ್ದವರು ಜನನ ಪ್ರಮಾಣಪತ್ರದಲ್ಲಿ ‘ಮೊದಲ ಹೆಸರು’ ಬದಲಿಸಿಕೊಳ್ಳಬಹುದು ಎಂದಿತು ಕಾಯ್ದೆ. ಹಾಸನದ ಲೆಕ್ಕದಲ್ಲಿ ಮೊದಲು ಬರುವುದು ಊರು, ಬದಲಾಗಬೇಕಾದ್ದು ಕೊನೆಯದು!

ಆದರೆ ಜನನ ನೋಂದಣಿಯ 1969ರ ಕಾಯ್ದೆಯಲ್ಲಿ ಅದಕ್ಕೆ ದಾರಿಯೇ ಇರಲಿಲ್ಲ. 2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಮಧ್ಯದ ದಾರಿ ತೋರಿತು: ಕಾನೂನು ತಿದ್ದುಪಡಿಯಾಗುವವರೆಗೆ ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ನಮೂದಿಸಿ ಪರಿಷ್ಕೃತ ಪತ್ರ ಕೊಡಬೇಕು. ಅನುಕೂಲವೇನೋ ಹೌದು. ಆದರೆ ಬಿಟ್ಟುಬಂದ ಹೆಸರು ಅದೇ ಹಾಳೆಯಲ್ಲಿ ಪಕ್ಕಕ್ಕೇ ಕೂತಿರುತ್ತದೆ; ಕೌಂಟರಿನಲ್ಲಿ ಕೂತವರು ಯಾವುದನ್ನು ಕೂಗಿ ಕರೆಯುತ್ತಾರೋ.

ಇನಿಷಿಯಲ್ಲನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಮನೆಗೆ ಸೇರಿಸದ ಅಪ್ಪ ಕೂಡ ಮಗಳ ಹೆಸರಿನ ಮುಂದೆ ಚುಕ್ಕಿ ಇಟ್ಟುಕೊಂಡು ಹಾಗೇ ಇರುತ್ತಾನೆ.