ಇಲಿಯ ಬೆದೆಚಕ್ರ ಮತ್ತು ಹೊಲದ ಬದುವಿನ ಗಿಡ: ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಸರಸ್ವತಿ ಬಿ. ಪಾಟೀಲ ಅವರ ಸಂತಾನಶಕ್ತಿ ಸಂಶೋಧನೆ

ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ 1970ರಲ್ಲಿ ಆರಂಭಗೊಂಡು 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾದ ಗುಲಬರ್ಗಾದ ವಿದ್ಯಾಕೇಂದ್ರವು ಹೈದರಾಬಾದ್ ಕರ್ನಾಟಕ ಪ್ರದೇಶಕ್ಕೆ ವಿಜ್ಞಾನ ಸಂಶೋಧನೆಯ ಬಾಗಿಲನ್ನು ತೆರೆಯಿತೆಂಬುದು ಸರ್ವವಿದಿತ. ಆದರೆ ಜ್ಞಾನಗಂಗಾ ಆವರಣದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸ್ತ್ರೀ ಸಂತಾನಶಕ್ತಿ ಹಾಗೂ ಪ್ರಜನನ ಹಾರ್ಮೋನುಗಳನ್ನು ಕುರಿತು ವರ್ಷಗಟ್ಟಲೆ ನಡೆದ ಕೆಲಸ ಆ ವಿಷಯದ ತಜ್ಞರ ಹೊರಗೆ ಅಷ್ಟಾಗಿ ತಿಳಿದಿಲ್ಲ. ಈ ಕೆಲಸದೊಡನೆ ನಿರಂತರವಾಗಿ ಕಾಣುವ ಹೆಸರು ಸರಸ್ವತಿ ಬಿ. ಪಾಟೀಲ ಅವರದು. ಅವರು ವೈದ್ಯರಲ್ಲ, ಪ್ರಾಣಿವಿಜ್ಞಾನಿ. ಆದರೂ ಅವರು ಕೈಗೆತ್ತಿಕೊಂಡ ಪ್ರಶ್ನೆ ವೈದ್ಯಕೀಯದ್ದೇ: ಜನಪದ ವೈದ್ಯದಲ್ಲಿ ಗರ್ಭ ನಿಲ್ಲದಂತೆ ಮಾಡುತ್ತದೆಂದು ಹೇಳಲಾಗುವ ಗಿಡಮೂಲಿಕೆಗಳು ನಿಜವಾಗಿ ಏನು ಮಾಡುತ್ತವೆ, ಯಾವ ಹಾರ್ಮೋನಿನ ಮೂಲಕ ಮಾಡುತ್ತವೆ, ಮತ್ತು ಸೇವನೆ ನಿಲ್ಲಿಸಿದರೆ ಸಂತಾನಶಕ್ತಿ ಮರಳಿ ಬರುತ್ತದೆಯೆ?

ಪ್ರಶ್ನೆ ಹೊಸದೇನಲ್ಲ. ಮೈಸೂರು ಸಂಸ್ಥಾನವು 1930ರಲ್ಲಿಯೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದು ಜಗತ್ತಿನ ಗಮನ ಸೆಳೆದಿತ್ತು. 1940ರ ದಶಕದಲ್ಲಿ ಅಮೆರಿಕದ ರಸಾಯನವಿಜ್ಞಾನಿ ರಸೆಲ್ ಮಾರ್ಕರ್ ಮೆಕ್ಸಿಕೋದ ಕಾಡುಗೆಣಸಿನಿಂದ ಪ್ರೊಜೆಸ್ಟರಾನ್ ಪಡೆಯುವ ಮಾರ್ಗವನ್ನು ಕಂಡುಕೊಂಡ ಮೇಲೆ, ಸಸ್ಯಗಳಲ್ಲಿ ಸಂತಾನ ನಿಯಂತ್ರಣದ ಕೀಲಿ ಅಡಗಿದೆಯೆಂಬ ನಂಬಿಕೆ ಬಲಗೊಂಡಿತು. ಆಸ್ಟ್ರೇಲಿಯಾದ ಕುರಿಗಾರರಿಗೆ ಇದರ ಇನ್ನೊಂದು ಮುಖ ಅದೇ ದಶಕದಲ್ಲಿ ಗೋಚರಿಸಿತ್ತು. ಕ್ಲೋವರ್ ಎಂಬ ದ್ವಿದಳ ಮೇವನ್ನು ತಿಂದ ಕುರಿಗಳು ಗರ್ಭಧರಿಸದೆ ಹೋದವು. ಕಾರಣ ಹುಡುಕಿದಾಗ ಆ ಮೇವಿನಲ್ಲಿ ಈಸ್ಟ್ರೋಜನ್ನಿನಂತೆ ವರ್ತಿಸುವ ಸಸ್ಯರಾಸಾಯನಿಕಗಳಿರುವುದು ತಿಳಿದುಬಂತು. ಗಿಡದಲ್ಲಿರುವ ವಸ್ತು ಪ್ರಾಣಿಯ ಅಂಡಾಶಯದ ಭಾಷೆಯಲ್ಲಿ ಮಾತನಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಕಲಬುರಗಿಯ ಪ್ರಯೋಗಗಳನ್ನು ಅರಿಯಲು ಮೊದಲು ಬಿಳಿ ಇಲಿಯ ಬೆದೆಚಕ್ರವನ್ನು ಅರಿಯಬೇಕು. ಸ್ತ್ರೀಯ ಋತುಚಕ್ರಕ್ಕೆ ಸುಮಾರು 28 ದಿನಗಳಾದರೆ ಹೆಣ್ಣಿಲಿಯ ಚಕ್ರ ನಾಲ್ಕೈದು ದಿನಗಳಲ್ಲಿ ಮುಗಿಯುತ್ತದೆ. ಬೆದೆಪೂರ್ವ, ಬೆದೆ, ಬೆದೆಯ ನಂತರದ ಅವಸ್ಥೆ ಮತ್ತು ವಿರಾಮ ಎಂಬ ನಾಲ್ಕು ಹಂತಗಳು ಅದರಲ್ಲಿವೆ. ಯೋನಿಯ ಲೋಳೆಯ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹರಡಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಇಲಿ ಯಾವ ಹಂತದಲ್ಲಿದೆಯೆಂದು ಹೇಳಬಹುದು. ಚಪ್ಪಟೆಯಾಗಿ ಗಡುಸಾದ, ಕೋಶಕೇಂದ್ರವಿಲ್ಲದ ಜೀವಕೋಶಗಳು ತುಂಬಿದ್ದರೆ ಬೆದೆ. ಬಿಳಿ ರಕ್ತಕಣಗಳು ತುಂಬಿದ್ದರೆ ವಿರಾಮ. ಸ್ಟಾಕರ್ಡ್ ಮತ್ತು ಪಾಪಾನಿಕೊಲೌ 1917ರಲ್ಲಿ ಗಿನಿಯಿಲಿಯಲ್ಲಿ ತೋರಿಸಿದ ಈ ಸರಳ ವಿಧಾನವನ್ನೇ ಆಧರಿಸಿ ಅಲೆನ್ ಮತ್ತು ಡಾಯ್ಸಿ 1923ರಲ್ಲಿ ಅಂಡಾಶಯದ ಹಾರ್ಮೋನನ್ನು ಪತ್ತೆ ಹಚ್ಚಿದರು. ದುಬಾರಿ ಉಪಕರಣಗಳಿಲ್ಲದ ವಿಭಾಗವೊಂದು ಹಾರ್ಮೋನು ವಿಜ್ಞಾನವನ್ನು ಮಾಡಬಹುದಾದರೆ ಅದು ಈ ಗಾಜಿನ ಪಟ್ಟಿಯ ಕೃಪೆಯಿಂದ. ಪ್ರತಿದಿನ ಬೆಳಿಗ್ಗೆ, ರಜೆಯಿರಲಿ ಇಲ್ಲದಿರಲಿ, ಪ್ರತಿ ಇಲಿಯದೂ ಒಂದು ಪಟ್ಟಿ. ಇಲ್ಲಿ ಬೇಕಾದುದು ಪ್ರತಿಭೆಗಿಂತ ಹೆಚ್ಚಾಗಿ ಶಿಸ್ತು.

ಈ ಸರಣಿಯ ಪ್ರಬಂಧಗಳಲ್ಲಿ ಹೆಚ್ಚು ಗಮನಾರ್ಹವಾದುದು 1999ರಲ್ಲಿ ಜರ್ನಲ್ ಆಫ್ ಎತ್ನೋಫಾರ್ಮಕಾಲಜಿಯಲ್ಲಿ ಪ್ರಕಟವಾದ, ಕುಪ್ಪಿಗಿಡವನ್ನು ಕುರಿತ ಅಧ್ಯಯನ. ಎಸ್.ಪಿ. ಹಿರೇಮಠ, ಕೆ. ರುದ್ರೇಶ, ಎಸ್. ಬಾದಾಮಿ ಮತ್ತು ಎಸ್.ಆರ್. ಪಾಟೀಲ ಅವರೊಂದಿಗೆ ನಡೆದ ಈ ಕೆಲಸದಲ್ಲಿ ರಸಾಯನಶಾಸ್ತ್ರ ಮತ್ತು ಪ್ರಾಣಿಶಾಸ್ತ್ರಗಳು ಕೈಜೋಡಿಸಿವೆ. ಕುಪ್ಪಿಗಿಡ ಹಿತ್ತಲಲ್ಲಿ, ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ, ಬೆಕ್ಕುಗಳಿಗೆ ಅತಿಪ್ರಿಯವಾದ ಸಣ್ಣ ಕಳೆ. ಇಡೀ ಗಿಡದಿಂದ ನಾಲ್ಕು ಬಗೆಯ ಸಾರಗಳನ್ನು ತೆಗೆದು ಹೆಣ್ಣಿಲಿಗಳಿಗೆ ನೀಡಿ ಪರೀಕ್ಷಿಸಲಾಯಿತು. ಇಂಥ ಪರೀಕ್ಷೆಯ ರೂಢಿಯ ಕ್ರಮ ಹೀಗಿದೆ: ಬೆದೆಯಲ್ಲಿರುವ ಹೆಣ್ಣನ್ನು ಗಂಡಿನೊಡನೆ ಬಿಟ್ಟು, ಮರುದಿನ ಬೆಳಿಗ್ಗೆ ಲೋಳೆಯಲ್ಲಿ ವೀರ್ಯಾಣು ಕಂಡರೆ ಅದನ್ನು ಗರ್ಭದ ಮೊದಲ ದಿನವೆಂದು ಎಣಿಸುತ್ತಾರೆ, ಒಂದು ವಾರ ಸಾರವನ್ನು ಕೊಟ್ಟು, ಹತ್ತನೆಯ ದಿನದ ಸುಮಾರಿಗೆ ಗರ್ಭಾಶಯದಲ್ಲಿ ಎಷ್ಟು ಭ್ರೂಣಗಳು ನೆಲೆಗೊಂಡಿವೆಯೆಂದು ಲೆಕ್ಕ ಹಾಕುತ್ತಾರೆ.

ಕುಪ್ಪಿಗಿಡದ ನಾಲ್ಕು ಸಾರಗಳಲ್ಲಿ ಪೆಟ್ರೋಲಿಯಂ ಈಥರ್ ಮತ್ತು ಎಥನಾಲ್ ಸಾರಗಳು ಭ್ರೂಣ ನೆಲೆಗೊಳ್ಳುವುದನ್ನು ಗಣನೀಯವಾಗಿ ತಡೆದವು. ದೇಹತೂಕದ ಪ್ರತಿ ಕಿಲೋಗ್ರಾಮಿಗೆ 600 ಮಿಲಿಗ್ರಾಂ ಪ್ರಮಾಣದಲ್ಲಿ ಇವೆರಡೂ ಈಸ್ಟ್ರೋಜನ್ನಿನ ಗುಣವನ್ನು ತೋರಿದವು, ಗರ್ಭಾಶಯದ ಅಂಗಾಂಶದ ಪರೀಕ್ಷೆಯೂ ಅದನ್ನು ಸಮರ್ಥಿಸಿತು. ಈಸ್ಟ್ರೋಜನ್ ಸ್ತ್ರೀತ್ವದ ಹಾರ್ಮೋನಾಗಿದ್ದೂ ಗರ್ಭವನ್ನು ತಡೆಯುವುದೆಂತು ಎಂದು ಓದುಗರು ಕೇಳಬಹುದು. ಭ್ರೂಣವನ್ನು ಗರ್ಭಾಶಯದ ಗೋಡೆ ಸ್ವೀಕರಿಸುವ ಕಾಲಾವಕಾಶ ಬಹಳ ಕಿರಿದು. ಪ್ರೊಜೆಸ್ಟರಾನ್ ಆ ಗೋಡೆಯನ್ನು ಹದಗೊಳಿಸಿದ ಮೇಲೆ ಈಸ್ಟ್ರೋಜನ್ನಿನ ಅತ್ಯಲ್ಪ ಸ್ಪರ್ಶವೊಂದು ಸಾಕು. ಆ ಸ್ಪರ್ಶ ಅಕಾಲದಲ್ಲಿ ಅಥವಾ ಅಧಿಕವಾಗಿ ಬಂದರೆ ಭ್ರೂಣ ಅಂಡನಾಳದಲ್ಲಿ ಸಾಗುವ ವೇಗವೂ ಗೋಡೆಯ ಸಿದ್ಧತೆಯೂ ತಾಳತಪ್ಪುತ್ತವೆ. ಬಂದ ಅತಿಥಿಗೆ ಬಾಗಿಲು ತೆರೆದಿರುವುದಿಲ್ಲ.

ಆ ಪ್ರಬಂಧದ ಅತಿಮುಖ್ಯ ಮಾತು ಬೇರೆಯದು. ಸಾರವನ್ನು ಕೊಡುವುದನ್ನು ನಿಲ್ಲಿಸಿದ ಮೇಲೆ ಅದರ ಪರಿಣಾಮ ಉಳಿಯಲಿಲ್ಲ. ಇಲಿಗಳ ಸಂತಾನಶಕ್ತಿ ಮರಳಿತು.

ಮುಂದಿನ ವರ್ಷ, 2000ದಲ್ಲಿ, ಯುರೋಪಿಯನ್ ಜರ್ನಲ್ ಆಫ್ ಫಾರ್ಮಕಾಲಜಿಯಲ್ಲಿ ಪ್ರಕಟವಾದ ಅಧ್ಯಯನ ಒಂದು ಹೆಜ್ಜೆ ಮುಂದಿಟ್ಟಿತು. ಜೋಳದ ಹೊಲಗಳನ್ನು ಕಾಡುವ ಸ್ಟ್ರೈಗಾ ಎಂಬ ಪರಾವಲಂಬಿ ಕಳೆಯ ಬಳಗಕ್ಕೆ ಸೇರಿದ ಸ್ಟ್ರೈಗಾ ಒರೊಬ್ಯಾಂಕಿಯಾಯ್ಡಿಸ್ ಗಿಡದಿಂದ ಎಪಿಜೆನಿನ್ ಮತ್ತು ಲ್ಯೂಟಿಯೋಲಿನ್ ಎಂಬ ಫ್ಲೇವೋನುಗಳನ್ನು ಬೇರ್ಪಡಿಸಿ, ಅವುಗಳ ಹಾರ್ಮೋನು ಗುಣವನ್ನೇ ಪರಿಶೀಲಿಸಲಾಯಿತು. ಹಸಿ ಸಾರದಿಂದ ಗೊತ್ತಾದ ಅಣುವಿನತ್ತ ಸಾಗುವ ಈ ದಾರಿಯೇ ಔಷಧ ವಿಜ್ಞಾನದ ದಾರಿ. ಕಲಬುರಗಿಯ ಹೆಚ್ಚಿನ ಅಧ್ಯಯನಗಳು ಈ ದಾರಿಯಲ್ಲಿ ಇಷ್ಟು ದೂರ ಸಾಗಲಿಲ್ಲವೆಂಬುದನ್ನೂ ಹೇಳಬೇಕು. 2002ರಲ್ಲಿ ರಿವಿಯಾ ಹೈಪೊಕ್ರೇಟೆರಿಫಾರ್ಮಿಸ್ ಎಂಬ ಬಳ್ಳಿಯ ಎಥನಾಲ್ ಸಾರವು ಇಲಿಯ ಬೆದೆಚಕ್ರದ ಹಂತಗಳನ್ನು ಏರುಪೇರು ಮಾಡುತ್ತದೆಂದೂ, ಅಂಡಾಶಯದಲ್ಲಿ ಆರೋಗ್ಯವಂತ ಅಂಡಕೋಶಕಗಳ ಸಂಖ್ಯೆಯನ್ನು ತಗ್ಗಿಸುತ್ತದೆಂದೂ ವರದಿಯಾಯಿತು. ಗಂಡಿನ ಪಾಲನ್ನೂ ಸಂಶೋಧಕರು ಮರೆಯಲಿಲ್ಲ: ಹಾಗಲಕಾಯಿಯ ಕುರಿತು 1998ರಲ್ಲಿ, ಸೆಣಬಿನ ಬೀಜದ ಕುರಿತು 2003ರಲ್ಲಿ ಪ್ರಕಟವಾದ ಅಧ್ಯಯನಗಳು ವೀರ್ಯಾಣು ಉತ್ಪತ್ತಿ ಕುಗ್ಗುವುದನ್ನು ತೋರಿಸಿದವು.

ಇವಾವುವೂ ಮಾತ್ರೆಯಾಗಿ ಔಷಧದಂಗಡಿಯನ್ನು ತಲುಪಲಿಲ್ಲ. ಅದಕ್ಕೆ ಕಾರಣಗಳು ಗೂಢವೇನಲ್ಲ. ಇಲಿಯ 600 ಮಿಲಿಗ್ರಾಮನ್ನು ತೂಕದ ಲೆಕ್ಕದಲ್ಲಿ ನೇರವಾಗಿ ಅನ್ವಯಿಸಿದರೆ 50 ಕಿಲೋ ತೂಗುವ ಸ್ತ್ರೀಗೆ ದಿನಕ್ಕೆ 30 ಗ್ರಾಂ ಸಾರ ಬೇಕಾಗುತ್ತದೆ. ದೇಹದ ಮೇಲ್ಮೈ ವಿಸ್ತೀರ್ಣವನ್ನು ಆಧರಿಸಿದ ರೂಢಿಯ ಲೆಕ್ಕದಲ್ಲಿಯೂ ಸುಮಾರು 5 ಗ್ರಾಂ. ಸಾರದಲ್ಲಿ ಹತ್ತಾರು ವಸ್ತುಗಳಿರುತ್ತವೆ, ಮಳೆ ಮತ್ತು ಮಣ್ಣಿಗೆ ತಕ್ಕಂತೆ ಅವುಗಳ ಪ್ರಮಾಣ ಬದಲಾಗುತ್ತದೆ. ಜಿ-6-ಪಿಡಿ ಎಂಬ ಕಿಣ್ವದ ಕೊರತೆಯುಳ್ಳವರು ಕುಪ್ಪಿಗಿಡವನ್ನು ಸೇವಿಸಿದರೆ ಕೆಂಪು ರಕ್ತಕಣಗಳು ಒಡೆದು ಅಪಾಯವಾದ ಪ್ರಸಂಗಗಳು ದಾಖಲಾಗಿವೆ. ಆದ್ದರಿಂದ ಈ ಪ್ರಬಂಧಗಳನ್ನು ಮನೆಮದ್ದಿನ ಪಟ್ಟಿಯಾಗಿ ಓದಲಾಗದು. ಭಾರತದಲ್ಲಿ ಪ್ರಯೋಗಾಲಯದಿಂದ ಬಳಕೆಗೆ ಬಂದ ಸ್ಟಿರಾಯ್ಡ್ ಅಲ್ಲದ ಗರ್ಭನಿರೋಧಕವೆಂದರೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಸೆಂಟ್‌ಕ್ರೋಮನ್. ಅದೂ 'ಸಹೇಲಿ'ಯಾಗಿ 1991ರಲ್ಲಿ ಮಾರುಕಟ್ಟೆಗೆ ಬರಲು ದಶಕಗಳ ಶ್ರಮ ಬೇಕಾಯಿತು. ಸೀಮಿತ ಅನುದಾನದ ವಿಶ್ವವಿದ್ಯಾಲಯ ವಿಭಾಗವೊಂದರಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಆದರೂ ಸಂತಾನಶಕ್ತಿ ಮರಳುತ್ತದೆಯೆ ಎಂಬ ಆ ಪ್ರಶ್ನೆಯ ತೂಕ ತಿಳಿಯಬೇಕಾದರೆ ಜ್ಞಾನಗಂಗೆಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದ ಕಡೆ ನೋಡಬೇಕು. ಕೆಂಪು ಬಾಳೆಗೆ ಹೆಸರಾದ, ಹಿಂದೆ ಕಲಬುರಗಿ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಈ ಊರಿನ ಸುತ್ತ ಹಳ್ಳಿಗಳೂ ಲಂಬಾಣಿ ತಾಂಡಾಗಳೂ ಹರಡಿವೆ. ಕರ್ನಾಟಕದಲ್ಲಿ ವಿವಾಹಿತ ಸ್ತ್ರೀಯರ ಅರ್ಧಕ್ಕಿಂತ ಹೆಚ್ಚು ಮಂದಿ ಅವಲಂಬಿಸಿರುವ ವಿಧಾನ ಸಂತಾನಹರಣ ಶಸ್ತ್ರಚಿಕಿತ್ಸೆಯೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಂದರೆ ಹಿಂದಿರುಗಲಾರದ ವಿಧಾನವೇ ಇಲ್ಲಿ ರೂಢಿ. 2015ರ ಹೊತ್ತಿಗೆ ಕಲಬುರಗಿ ಜಿಲ್ಲೆಯಿಂದ ಇನ್ನೂ ಕಠೋರವಾದ ಸಂಗತಿ ಹೊರಬಂದಿತು: ಬೆನ್ನುನೋವು, ಬಿಳಿಸೆರಗು, ಅತಿಸ್ರಾವ ಎಂದು ಬಂದ ಎಳೆಯ ವಯಸ್ಸಿನ ಹೆಂಗಸರಿಗೆ, ಅದರಲ್ಲೂ ತಾಂಡಾಗಳ ಬಡ ಲಂಬಾಣಿ ಸ್ತ್ರೀಯರಿಗೆ, ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ಗರ್ಭಕೋಶವನ್ನು ತೆಗೆಯಲಾಗಿದೆಯೆಂಬ ದೂರು. ರಾಜ್ಯ ಸರ್ಕಾರ ತನಿಖೆ ನಡೆಸಿತು, ಹೆಂಗಸರು ಬೀದಿಗಿಳಿದು ಪ್ರತಿಭಟಿಸಿದರು. ಇತರ ರಾಜ್ಯಗಳ ಇಂಥವೇ ಪ್ರಕರಣಗಳ ಕುರಿತು ನರೇಂದ್ರ ಗುಪ್ತಾ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್‌ನಲ್ಲಿ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೊಳಿಸುವಂತೆ ರಾಜ್ಯಗಳಿಗೆ ಆದೇಶಿಸಿತು.

ಪ್ರಾಣಿಶಾಸ್ತ್ರ ವಿಭಾಗದ ವಿದ್ಯಾರ್ಥಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಈಸ್ಟ್ರೋಜನ್ ಗುಣವನ್ನು ಅಳೆಯುವ ಪ್ರಯೋಗದ ಮೊದಲ ಪಾಠವೇ ಅಂಡಾಶಯ ತೆಗೆದ ಇಲಿ: ಎರಡು ವಾರಗಳಲ್ಲಿ ಅದರ ಗರ್ಭಾಶಯ ನೂಲಿನಂತೆ ಸೊರಗುತ್ತದೆ, ಲೋಳೆಯ ಪಟ್ಟಿಯಲ್ಲಿ ಚಕ್ರದ ಗುರುತೇ ಉಳಿಯುವುದಿಲ್ಲ. ಸ್ತ್ರೀಯಲ್ಲಿ ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆದರೆ ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳೆಲ್ಲ ಮೂವತ್ತರಲ್ಲಿಯೇ ಎರಗುತ್ತವೆ. ಮೂಳೆ ಸವೆಯುತ್ತದೆ, ಹೃದ್ರೋಗದ ಅಪಾಯ ಏರುತ್ತದೆ. ಅಂಡಾಶಯವನ್ನು ಉಳಿಸಿದರೂ ಅದು ಸಹಜ ಕಾಲಕ್ಕಿಂತ ಮೊದಲೇ ಸೋಲುವ ಸಂಭವ ಹೆಚ್ಚು. ಹೊಲದ ಕೂಲಿಯನ್ನೇ ನಂಬಿದ ಹೆಂಗಸಿಗೆ ಮೂಳೆಯ ಸವೆತವೆಂದರೆ ದಿನಗೂಲಿಯ ಸವೆತ.

ಸರಸ್ವತಿ ಪಾಟೀಲ ಅವರ ಹೆಸರು ಎರಡನೆಯ ದಶಕದಲ್ಲಿಯೂ ಪ್ರಬಂಧಗಳಲ್ಲಿ ಮುಂದುವರಿಯುತ್ತದೆ. ಮಾದಳದ ಬೀಜದ ಸಾರವು ಹೆಣ್ಣಿಲಿಯ ಸಂತಾನಶಕ್ತಿಯ ಮೇಲೆ ಬೀರುವ ಪ್ರಭಾವವನ್ನು ಶರಣಗೌಡ ಜೆ. ಪಾಟೀಲ ಅವರೊಂದಿಗೆ ಪರಿಶೀಲಿಸಿದ ಕೆಲಸ ಆ ಅವಧಿಯದು. ಗಿಡ ಬದಲಾಗಿದೆ, ವಿಧಾನ ಅದೇ: ಪ್ರತಿದಿನ ಬೆಳಿಗ್ಗೆ ಒಂದು ಗಾಜಿನ ಪಟ್ಟಿ, ಕೊನೆಗೆ ಅಂಡಾಶಯದ ತೂಕ, ಗರ್ಭಾಶಯದ ತೂಕ, ಅಂಗಾಂಶದ ಸೀಳು.