ಬಿಡಿ ಗುಂಡೋ, ಸೀಲ್ಡ್ ಬೇರಿಂಗೋ?

ಹೊಸ ಸೈಕಲ್ ಕೊಳ್ಳುವಾಗ ಗೇರ್ ಎಷ್ಟು, ಡಿಸ್ಕ್ ಬ್ರೇಕ್ ಇದೆಯೇ ಎಂದು ಎಲ್ಲರೂ ವಿಚಾರಿಸುತ್ತಾರೆ. ಹಬ್ಬಿನೊಳಗೆ ಎಂಥ ಬೇರಿಂಗ್ ಇದೆ ಎಂದು ಕೇಳುವವರು ಅಪರೂಪ. ಒಂದು ಮಳೆಗಾಲ ಕಳೆದು ಚಕ್ರ ಕರಕರ ಎನ್ನತೊಡಗಿದಾಗಲೇ ಅದರ ನೆನಪಾಗುವುದು.

ಬೇರಿಂಗಿಗೂ ಸೈಕಲ್ಲಿಗೂ ಹಳೆಯ ನಂಟು. ಫ್ರಾನ್ಸಿನ ಜೂಲ್ ಸುರಿರೇ 1869ರಲ್ಲಿ ಬಾಲ್ ಬೇರಿಂಗಿಗೆ ಪೇಟೆಂಟ್ ಪಡೆದ. ಅದೇ ವರ್ಷದ ನವೆಂಬರಿನಲ್ಲಿ ಜೇಮ್ಸ್ ಮೂರ್ ಪ್ಯಾರಿಸ್–ರುವಾನ್ ರೇಸ್ ಗೆದ್ದದ್ದು ಬಾಲ್ ಬೇರಿಂಗ್ ಇದ್ದ ಸೈಕಲ್ಲಿನಲ್ಲೇ.

ನಮ್ಮೂರುಗಳ ಹಳೆಯ ಕರಿ ಸೈಕಲ್ಲುಗಳಲ್ಲಿರುವುದು ಬಿಡಿ ಗುಂಡಿನ ಹಬ್. ಓವರ್‌ಹಾಲಿಂಗಿಗೆ ಬಿಟ್ಟಾಗ ಸೈಕಲ್ ಶಾಪಿನವರು ಕೋನ್ ಸಡಿಲಿಸಿ ಆಕ್ಸಲ್ ಎಳೆದರೆ, ಕಪ್ಪಗಾದ ಗ್ರೀಸಿನ ಜತೆ ಗುಂಡುಗಳು ತಟ್ಟೆಗೆ ಉದುರುತ್ತವೆ. ಹಿಂದಿನ ಚಕ್ರದಲ್ಲಿ ಸಾಮಾನ್ಯವಾಗಿ ಬದಿಗೆ 9ರಂತೆ ಕಾಲಿಂಚಿನ ಗುಂಡುಗಳು. ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸ್ ಮೆತ್ತಿ, ಮತ್ತೆ ಕೋನ್ ಬಿಗಿಯಬೇಕು. ಕೈಚಳಕ ಬೇಕಾಗುವುದು ಇಲ್ಲಿ: ಬಿಗಿ ಹೆಚ್ಚಾದರೆ ಚಕ್ರ ಸರಾಗವಾಗಿ ತಿರುಗದು, ಕಡಿಮೆಯಾದರೆ ಅಲ್ಲಾಡುತ್ತದೆ.

ಗುಂಡು, ಕೋನ್ ಸವೆದರೆ ಬದಲಿಸಬಹುದು. ಆದರೆ ಗುಂಡು ಉರುಳುವ ಕಪ್ ಬಹುತೇಕ ಹಬ್ಬಿಗೇ ಸೇರಿಕೊಂಡಿರುತ್ತದೆ. ನೀರು, ಮಣ್ಣು ಹೊಕ್ಕು ಅದರಲ್ಲಿ ಗುಳಿ ಬಿದ್ದರೆ ಇಡೀ ಹಬ್ ಹೋದಂತೆ. ಕಡ್ಡಿಗಳನ್ನೆಲ್ಲ ಬಿಚ್ಚಿ ಚಕ್ರವನ್ನೇ ಮತ್ತೆ ಕಟ್ಟಬೇಕು.

ಸೀಲ್ಡ್ ಬೇರಿಂಗಿನದು ಬೇರೆ ಲೆಕ್ಕ. ಗುಂಡು, ಗ್ರೀಸ್, ಒಳಹೊರ ಬಳೆಗಳೆಲ್ಲ ಒಂದೇ ಘಟಕ. ಕೋನ್ ಬಿಗಿಯುವ ಗೊಡವೆಯಿಲ್ಲ. ಸವೆದದ್ದನ್ನು ತೆಗೆದು ಹೊಸದು ಕೂರಿಸಿದರೆ ಹಬ್ ಉಳಿಯುತ್ತದೆ. ಅದರ ಮೇಲಿನ ನಂಬರನ್ನು ಬೇರಿಂಗ್ ಅಂಗಡಿಯಲ್ಲಿ ಹೇಳಿದರೆ ಸಾಕು. 6001 ಎಂದರೆ ಒಳವ್ಯಾಸ 12, ಹೊರವ್ಯಾಸ 28, ದಪ್ಪ 8 ಮಿಲಿಮೀಟರ್. ಪಕ್ಕದಲ್ಲಿ 2ಆರ್‌ಎಸ್ ಎಂದಿದ್ದರೆ ಎರಡೂ ಬದಿಗೆ ರಬ್ಬರ್ ಸೀಲ್. ಜಡ್‌ಜಡ್ ಎಂದಿದ್ದರೆ ಲೋಹದ ಮುಚ್ಚಳ. ಮಳೆಗೆ ರಬ್ಬರಿನದೇ ವಾಸಿ. ಹಬ್ಬಿಗೆ ಕೂರಿಸುವಾಗ ಹೊರಬಳೆಯ ಮೇಲೆ ಒತ್ತಬೇಕು. ಒಳಬಳೆಯ ಮೇಲೆ ಸುತ್ತಿಗೆ ಬಿದ್ದರೆ ಹೊಸ ಬೇರಿಂಗೂ ಕೆಡಬಹುದು.

ಸೀಲ್ ಇದೆಯೆಂದು ನೀರೇ ಹೋಗದು ಎಂದುಕೊಳ್ಳಬಾರದು. ವಾಟರ್ ಸರ್ವಿಸಿನ ಪೈಪನ್ನು ನೇರ ಹಬ್ಬಿಗೆ ಹಿಡಿದರೆ ರಬ್ಬರ್ ದಾಟಿಯೂ ನೀರು ನುಗ್ಗುತ್ತದೆ. ಬಿಡಿ ಗುಂಡು ಅಗ್ಗದ ಸೈಕಲ್ಲಿಗಷ್ಟೇ ಎನ್ನುವುದೂ ತಪ್ಪು. ಶಿಮಾನೊ ತನ್ನ ದುಬಾರಿ ರೇಸ್ ಹಬ್ಬುಗಳಲ್ಲೂ ಅದನ್ನು ಬಳಸುತ್ತ ಬಂದಿದೆ.

ವರ್ಷಕ್ಕೊಮ್ಮೆಯಾದರೂ ಹಬ್ ಬಿಚ್ಚಿಸುವವರಿಗೆ, ಹತ್ತಿರದಲ್ಲೇ ಕೈ ಪಳಗಿದ ಮೆಕ್ಯಾನಿಕ್ ಇರುವವರಿಗೆ ಬಿಡಿ ಗುಂಡು ಧಾರಾಳ ಸಾಕು. ಮಲೆನಾಡು, ಕರಾವಳಿಯ ಮಳೆಯಲ್ಲಿ ದಿನವೂ ಓಡಿಸಿ, ರಿಪೇರಿ ಮುಂದೂಡುವವರು ನಾಲ್ಕು ಕಾಸು ಹೆಚ್ಚಾದರೂ ಸೀಲ್ಡ್ ಹಬ್ಬನ್ನೇ ಕೊಳ್ಳುವುದು ಒಳಿತು.