ಆಶಯ ಕೃತಿಯಾಗುವ ಬಗೆ

ಅಸ್ಪೃಶ್ಯತೆ ತಪ್ಪು ಎಂದು ಹೇಳಲು ಕಾದಂಬರಿಯೇ ಬೇಕೆಂದಿಲ್ಲ, ಒಂದು ವಾಕ್ಯ ಸಾಕು. ಆದರೆ ಆ ವಾಕ್ಯಕ್ಕೆ ತಲೆದೂಗಿದವನೂ ಮನೆಗೆ ಹೋಗಿ ಹಿಂದಿನಂತೆಯೇ ನಡೆದುಕೊಳ್ಳಬಲ್ಲನಾದ್ದರಿಂದ, ಸಾಮಾಜಿಕ ಪ್ರಶ್ನೆಗಳನ್ನು ಎತ್ತಿಕೊಂಡ ಲೇಖಕರೂ ಕಲಾವಿದರೂ ತಮ್ಮ ಆಶಯವನ್ನು, ಅಂದರೆ ಕೃತಿಯ ಹಿಂದೆ ನಿಂತು ಅದನ್ನು ಬರೆಯಿಸಿದ ಉದ್ದೇಶವನ್ನು, ಓದುಗನ ಮನಸ್ಸಿಗೆ ಮುಟ್ಟಿಸಲು ಬೇರೆ ದಾರಿಗಳನ್ನು ಹುಡುಕಬೇಕಾಗುತ್ತದೆ. ಪಾತ್ರವನ್ನು ಎಲ್ಲಿ ನಿಲ್ಲಿಸಬೇಕು, ಯಾರ ಬಾಯಲ್ಲಿ ಮಾತಾಡಿಸಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ತೀರ್ಮಾನಗಳಲ್ಲಿಯೇ ಆಶಯ ಅಡಗಿರುತ್ತದೆ. ಅದನ್ನು ಪತ್ತೆ ಹಚ್ಚಲು ಲೇಖಕರ ಮುನ್ನುಡಿಗಿಂತ ಈ ತೀರ್ಮಾನಗಳನ್ನು ಗಮನಿಸುವುದು ಹೆಚ್ಚು ಫಲಕಾರಿ.

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಇದಕ್ಕೆ ಒಳ್ಳೆಯ ಉದಾಹರಣೆ. ದಕ್ಷಿಣ ಕನ್ನಡದ ಅಸ್ಪೃಶ್ಯ ಜಾತಿಯ ಜೀತದಾಳಾದ ಚೋಮನ ಬಳಿ ಒಂದು ಜೊತೆ ಎತ್ತುಗಳಿವೆ, ತಾನೇ ಬೇಸಾಯ ಮಾಡಬೇಕೆಂಬ ಆಸೆಯಿದೆ. ಉಳಲು ನೆಲ ಮಾತ್ರ ಇಲ್ಲ, ಅವನ ಜಾತಿಯವರು ಸ್ವಂತ ಬೇಸಾಯ ಮಾಡಬಾರದೆಂಬ ಕಟ್ಟಳೆಯೂ ಇದೆ. ಒಡೆಯ ಸಂಕಪ್ಪಯ್ಯನನ್ನು ಕ್ರೂರಿಯಾಗಿ ಚಿತ್ರಿಸಿದ್ದರೆ ಕತೆ ಸಲೀಸಾಗುತ್ತಿತ್ತು. ಕಾರಂತರು ಹಾಗೆ ಮಾಡಲಿಲ್ಲ. ಅವನಲ್ಲಿ ತುಸು ಮರುಕವನ್ನೂ ಇಟ್ಟು, ಮುದುಕಿ ತಾಯಿಯ ಆಕ್ಷೇಪಕ್ಕೆ, ಊರ ಸಂಪ್ರದಾಯಕ್ಕೆ ಅವನು ಬಾಗುವಂತೆ ಮಾಡಿದರು. ಸಿಟ್ಟು ತೀರಿಸಿಕೊಳ್ಳಲು ಒಬ್ಬ ದುಷ್ಟನೂ ಕೈಗೆ ಸಿಗದ ಓದುಗ ಆ ಸಿಟ್ಟನ್ನು ಕಟ್ಟಳೆಯ ಮೇಲೆಯೇ ತಿರುಗಿಸಬೇಕಾಗುತ್ತದೆ. ಚೋಮನ ಮಗ ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಮೇಲುಜಾತಿಯವರಿದ್ದರೂ ಮುಟ್ಟಿದರೆ ಮೈಲಿಗೆ ಎಂಬ ಕಾರಣಕ್ಕೆ ಅವನು ಉಳಿಯುವುದಿಲ್ಲ. ಅಲ್ಲಿಯೂ ಲೇಖಕರು ಭಾಷಣಕ್ಕೆ ಇಳಿಯುವುದಿಲ್ಲ.

ಕ್ರೈಸ್ತನಾದರೆ ಭೂಮಿ ಸಿಗಬಹುದೆಂದು ಹೊರಟ ಚೋಮ ತನ್ನ ದೈವ ಪಂಜುರ್ಲಿಯ ನೆನಪಾಗಿ ಹಿಂದಿರುಗುವ ಪ್ರಸಂಗ ಇನ್ನೂ ಸೂಕ್ಷ್ಮವಾದದ್ದು. ಪರಿಹಾರ ತೋರಿಸಲೇಬೇಕೆಂದು ಹಟ ತೊಟ್ಟ ಲೇಖಕ ಈ ಎಡೆಯಲ್ಲಿ ಅವನನ್ನು ಮುಂದಕ್ಕೆ ನಡೆಸುತ್ತಿದ್ದ, ಇಲ್ಲವೇ ಬಂಡಾಯಕ್ಕೆ ಎಬ್ಬಿಸುತ್ತಿದ್ದ. ಕಾರಂತರ ಚೋಮನಿಗೆ ಉಳಿಯುವುದು ದುಡಿ ಎಂಬ ಸಣ್ಣ ಚರ್ಮವಾದ್ಯ ಮಾತ್ರ. ಸಂತೋಷವನ್ನೂ ಸಂಕಟವನ್ನೂ ಅದರಲ್ಲೇ ಬಡಿದು ಹೊರಹಾಕುವ ಅವನು ಕೊನೆಗೆ ಎತ್ತುಗಳನ್ನು ಬಿಟ್ಟು, ದುಡಿ ಬಾರಿಸುತ್ತಲೇ ಸಾಯುತ್ತಾನೆ. ಈ ಕಾದಂಬರಿಯನ್ನು ಆಧರಿಸಿ ಬಿ.ವಿ. ಕಾರಂತರು ನಿರ್ದೇಶಿಸಿದ ಚಲನಚಿತ್ರಕ್ಕೆ 1975ನೇ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ, ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿಯೂ ದೊರೆತವು.

‘ಚೋಮನ ದುಡಿ’ ಕಾದಂಬರಿ ಬಂದ ಮುಂದಿನ ದಶಕದಲ್ಲಿ ಅ.ನ. ಕೃಷ್ಣರಾಯರ ಮುಂದಾಳತ್ವದಲ್ಲಿ ಬೆಳೆದ ಪ್ರಗತಿಶೀಲ ಪಂಥ, ಸಾಹಿತ್ಯವು ಸಮಾಜದ ಬದಲಾವಣೆಗೆ ನೆರವಾಗಬೇಕೆಂದು ಬಹಿರಂಗವಾಗಿಯೇ ಸಾರಿತು. ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳಲ್ಲಿ ಅನಕೃ ಅವರು ವೇಶ್ಯಾ ಸಮಸ್ಯೆಯನ್ನು ಎತ್ತಿಕೊಂಡದ್ದು ಆ ಕಾಲಕ್ಕೆ ಎದೆಗಾರಿಕೆಯ ಕೆಲಸವೇ. ಆದರೂ ಆ ಪಂಥದ ಹಲವು ಕೃತಿಗಳಲ್ಲಿ ಪಾತ್ರಗಳು ಲೇಖಕರ ಅಭಿಪ್ರಾಯಗಳಿಗೆ ಬರಿಯ ಬಾಯಿಯಾಗಿಬಿಡುತ್ತವೆ ಎಂಬ ಟೀಕೆಯನ್ನು ತಳ್ಳಿಹಾಕುವುದು ಕಷ್ಟ. ಭಾರತೀಯ ಕಾವ್ಯಮೀಮಾಂಸೆಯಲ್ಲಿ 9ನೇ ಶತಮಾನದ ಆನಂದವರ್ಧನ ವಿವರಿಸಿದ ಧ್ವನಿ, ಅಂದರೆ ಮಾತಿನ ನೇರ ಅರ್ಥದಾಚೆಗೆ ಹೊಳೆಯುವ ಅರ್ಥ, ಇಂಥ ಕಡೆ ಸೊರಗುತ್ತದೆ.

ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ಈ ಧ್ವನಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ಹತ್ತಿರದಿಂದ ನೋಡಬಹುದು. ಮನೆಯ ಹಿರಿಯಳಾದ ಸಾಕವ್ವ ಕಳೆದುಹೋದ ತನ್ನ ಹುಂಜಕ್ಕಾಗಿ ಹುಡುಕಾಡಿ ಕಂಗೆಟ್ಟಿರುವಾಗ, ಕದ್ದು ತಂದ ಒಂದು ಮೂಟೆ ಕಡಲೆಕಾಯಿ ಮನೆ ಸೇರುತ್ತದೆ. ಇಡೀ ಕುಟುಂಬ ರಾತ್ರಿಯಲ್ಲಿ ಬೆಂಕಿಯ ಸುತ್ತ ಕೂತು, ಮಾತು ನಗೆಗಳ ನಡುವೆ ಅಷ್ಟನ್ನೂ ಸುಲಿದು ತಿಂದು, ಸಿಪ್ಪೆಯನ್ನು ಬೆಂಕಿಗೆ ಹಾಕಿ ಮುಗಿಸುತ್ತದೆ. ಮರುದಿನ ಪೊಲೀಸರು ಬಂದು ಗುಡಿಸಲನ್ನು ಜಾಲಾಡಿದರೆ ಏನೂ ಸಿಗುವುದಿಲ್ಲ. ಹಸಿವು ಎಂಬುದನ್ನು ಸಮಸ್ಯೆಯೆಂದು ಇಲ್ಲಿ ಯಾರೂ ಚರ್ಚಿಸುವುದಿಲ್ಲ. ಕಳ್ಳತನ ಸರಿಯೋ ತಪ್ಪೋ ಎಂಬ ವಾದವೂ ಏಳುವುದಿಲ್ಲ. ತಿನ್ನುವ ಸುಖವನ್ನು ಅಷ್ಟು ಕಣ್ಣಿಗೆ ಕಟ್ಟುವಂತೆ ಬರೆದಿರುವುದರಿಂದಲೇ ಅದಕ್ಕೂ ಹಿಂದಿನ ದಿನಗಳ ಬರಿಹೊಟ್ಟೆ ಓದುಗನಿಗೆ ತಿಳಿಯುತ್ತದೆ. ಪಾತ್ರಗಳು ತಮ್ಮ ಸೀಮೆಯ ಆಡುನುಡಿಯಲ್ಲೇ ಮಾತಾಡುವುದೂ ಆಶಯದ ಭಾಗವೇ ಸರಿ: ಅವರ ಬದುಕನ್ನು ಹೇಳಲು ಬೇರೆಯವರ ಮಧ್ಯಸ್ಥಿಕೆ ಬೇಡ ಎಂಬ ನಿಲುವು ಆ ಭಾಷೆಯಲ್ಲೇ ಇದೆ.

ಇದಕ್ಕೆ ತೀರ ಭಿನ್ನವಾದ ಹಾದಿ ಕುವೆಂಪು ಅವರದು. ಓದುಗನಿಗೆ ಮೊದಲೇ ಗೊತ್ತಿರುವ ಪುರಾಣ ಪ್ರಸಂಗವನ್ನು ತೆಗೆದುಕೊಂಡು ಅದರ ಒಂದು ಕೀಲನ್ನಷ್ಟೇ ಬದಲಿಸಿದರೆ, ಆ ಬದಲಾವಣೆಯೇ ಲೇಖಕನ ನಿಲುವನ್ನು ಸಾರುತ್ತದೆ. ‘ಶೂದ್ರ ತಪಸ್ವಿ’ಯಲ್ಲಿ ರಾಮನ ಬಾಣ ತಪಸ್ಸು ಮಾಡುತ್ತಿದ್ದ ಶಂಬೂಕನನ್ನು ಕೊಲ್ಲದೆ, ಅವನ ಮೇಲೆ ದೂರು ತಂದ ಬ್ರಾಹ್ಮಣನತ್ತಲೇ ತಿರುಗುತ್ತದೆ. ಮೂಲಕತೆಯನ್ನು ಹೀಗೆ ಮಾರ್ಪಡಿಸಬಾರದೆಂದು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಆಕ್ಷೇಪಿಸಿದರು. ಅಂಥ ಆಕ್ಷೇಪ ಬಂದದ್ದೇ ಬಾಣ ಗುರಿ ಮುಟ್ಟಿತ್ತೆಂಬುದಕ್ಕೆ ಸಾಕ್ಷಿ.

ಚಿತ್ರಕಲೆಯಲ್ಲಿ ಮಾಧ್ಯಮದ ಆಯ್ಕೆಯೂ ಮಾತಾಡುತ್ತದೆ. 1943ರ ಬಂಗಾಳದ ಕ್ಷಾಮದಲ್ಲಿ ಮಿಡ್ನಾಪುರದ ಹಳ್ಳಿಗಳನ್ನು ಸುತ್ತಿದ ಚಿತ್ತಪ್ರಸಾದರು ಕಪ್ಪು ಶಾಯಿಯ ರೇಖೆಗಳಲ್ಲಿ ಹಸಿದವರ ಚಿತ್ರ ಬರೆದರು, ಕಂಡದ್ದನ್ನು ವರದಿಯಾಗಿಯೂ ದಾಖಲಿಸಿದರು. ಬಣ್ಣವಿಲ್ಲದ ಆ ರೇಖೆಗಳು ಪತ್ರಿಕೆಯಲ್ಲೂ ಕಿರುಹೊತ್ತಗೆಯಲ್ಲೂ ಅಗ್ಗವಾಗಿ ಅಚ್ಚಾಗಬಲ್ಲವಾಗಿದ್ದವು, ಗ್ಯಾಲರಿಯ ಗೋಡೆಯನ್ನು ಕಾಯಬೇಕಿರಲಿಲ್ಲ. ಬ್ರಿಟಿಷ್ ಸರ್ಕಾರ ಅವರ ‘ಹಂಗ್ರಿ ಬೆಂಗಾಲ್’ ಪುಸ್ತಕದ ಪ್ರತಿಗಳನ್ನು ವಶಪಡಿಸಿಕೊಂಡು ನಾಶಮಾಡಿತು.

ಇನ್ನು ರಂಗಭೂಮಿಯಲ್ಲಿ, 1975ರಲ್ಲಿ ಹುಟ್ಟಿದ ‘ಸಮುದಾಯ’ ನಾಟಕ ತಂಡ, ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ದಲಿತರ ಹತ್ಯೆಯನ್ನು ‘ಬೆಲ್ಚಿ’ ಎಂಬ ಬೀದಿ ನಾಟಕವಾಗಿಸಿತು. ರಂಗಮಂದಿರ, ಪರದೆ, ಟಿಕೆಟು ಯಾವುದೂ ಇಲ್ಲದೆ ಜನ ಸೇರುವ ಕಡೆಯೇ ವೃತ್ತಾಕಾರವಾಗಿ ನಿಂತು ಆಡುವ ಈ ಪ್ರಕಾರದಲ್ಲಿ ಧ್ವನಿಗಿಂತ ಘೋಷಣೆಯೇ ಹೆಚ್ಚೆಂದು ದೂರುವವರಿದ್ದಾರೆ. ದಾರಿಹೋಕನಾಗಿ ಬಂದು ಸ್ವಲ್ಪ ಹೊತ್ತು ನಿಂತು ನೋಡಿ ಹೊರಟುಹೋಗುವ ಪ್ರೇಕ್ಷಕನಿಗೆ, ಸಂತೆಯ ಗದ್ದಲದ ನಡುವೆ, ಮಾತು ನೇರವಾಗಿಯೇ ಮುಟ್ಟಬೇಕಾದ್ದರಿಂದ ಆ ದೂರು ನ್ಯಾಯವಾದದ್ದಲ್ಲ. ಓದುಗನನ್ನು ದಿನಗಟ್ಟಲೆ ಜೊತೆಗಿಟ್ಟುಕೊಳ್ಳುವ ಕಾದಂಬರಿ ಮಾತ್ರ ಈ ರಿಯಾಯಿತಿಯನ್ನು ಕೇಳುವಂತಿಲ್ಲ.